ಸೀರೆ ಬಿಚ್ಚಿಸಿ ನೋಡಿದವರು ಎಷ್ಟು ಮಂದಿ?

ಇಳಕಲ್‌ನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ. ಅಪ್ಪ ನೇಕಾರರಿಗೆ ನೂಲು ಕೊಟ್ಟು, ಕೂಲಿ ಕೊಟ್ಟು, ನೇಯಿಸಿ ತಂದು ಮಾರುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಕಪಾಟಿನ ತುಂಬ ಸೀರೆ ಇತ್ತು, ಕೊಳ್ಳೋರು ಇರಲಿಲ್ಲ. ಮರುವರ್ಷ ನಾನು ಹಟ ಹಿಡಿದು ಒಂದು ವೆಬ್‌ಸೈಟ್ ಮಾಡಿಸಿದೆ. ಮಾಡಿಕೊಟ್ಟವರು ಅದಕ್ಕೆ ಗೂಗಲ್ ಅನಾಲಿಟಿಕ್ಸ್ ಜೋಡಿಸಿ, ದಿನಾ ಎಷ್ಟು ಜನ ಬರ್ತಾರೆ ಅಂತ ಇಲ್ಲಿ ಕಾಣುತ್ತೆ ನೋಡಿ ಅಂತ ತೋರಿಸಿ ಹೋದರು.

ಆಮೇಲೆ ನನಗೆ ಅದೇ ಹುಚ್ಚು. ಹಲ್ಲುಜ್ಜೋ ಮುಂಚೆ ಮೊಬೈಲ್ ತೆಗೆದು ನಿನ್ನೆ ಎಷ್ಟು ಮಂದಿ ಬಂದರು ಅಂತ ನೋಡೋದು. 40 ಇದ್ದದ್ದು 60 ಆದರೆ ದಿನವಿಡೀ ಖುಷಿ. ಒಂದು ದಿನ 112 ಅಂತ ತೋರಿಸಿತು. ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅವರು ಗಾದಿ ಮೇಲೆ ಕೂತು ಲೆಕ್ಕ ಬರೀತಿದ್ದರು. ತಲೆ ಎತ್ತಲಿಲ್ಲ.

"ತಮ್ಮಾ, ಅದರಾಗ ಸೀರಿ ಬಿಚ್ಚಿಸಿ ನೋಡಿದವ್ರು ಎಷ್ಟು ಮಂದಿ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಸೀರೆ ಅಂಗಡಿಯಲ್ಲಿ ಕೂತವರಿಗೆ ಈ ಲೆಕ್ಕ ಗೊತ್ತು. ಜಾತ್ರೆಯ ದಿನ ನೂರು ಮಂದಿ ಒಳಗೆ ಬಂದು ಫ್ಯಾನಿನ ಗಾಳಿಗೆ ನಿಂತು ಹೋಗುತ್ತಾರೆ. ಮಡಿಕೆ ಬಿಚ್ಚಿಸಿ, ಸೆರಗು ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ಕಡೆ ತಿರುಗಿದವರು ಹತ್ತು ಮಂದಿ. ವ್ಯಾಪಾರ ಆಗೋದು ಆ ಹತ್ತರಲ್ಲಿ.

ಮೊದಲು ಆ 112 ಯಾರು ಅಂತ ಹುಡುಕಿದೆ. ನಾಚಿಕೆಯ ಸಂಗತಿ ಏನಂದರೆ, ಅದರಲ್ಲಿ ಸುಮಾರು ಜನ ನಾವೇ. ಹೊಸ ಫೋಟೋ ಹಾಕಿದ್ದೇನೆ ಅಂತ ಮನೆಮಂದಿಗೆಲ್ಲ, ಗೆಳೆಯರಿಗೆಲ್ಲ ಲಿಂಕ್ ಕಳಿಸಿದ್ದೆ. ಅಂಗಡಿಯ ವೈಫೈನಿಂದ ಬರುವ ಭೇಟಿಗಳನ್ನು ಬಿಟ್ಟು ಎಣಿಸು ಅಂತ ಅನಾಲಿಟಿಕ್ಸ್‌ನಲ್ಲಿ ಹೇಳಬಹುದು. ಅದನ್ನು ಮಾಡಿದೆ. ಆದರೆ ಸಿಮ್‌ನ ಡೇಟಾದಲ್ಲಿ ನೋಡಿದರೆ ಅದು ಹಿಡಿಯೋದಿಲ್ಲ. ಒಂದು ಸಂಜೆ ಮೊಬೈಲ್‌ನ ವೈಫೈ ಆಫ್ ಮಾಡಿ, ಅದರಲ್ಲಿ ನನ್ನದೇ ಸೈಟ್ ತೆರೆದು, ಕಂಪ್ಯೂಟರ್‌ನಲ್ಲಿ ರಿಯಲ್‌ಟೈಮ್ ವರದಿ, ಅಂದರೆ ಈಗ ಸೈಟಿನಲ್ಲಿ ಯಾರಿದ್ದಾರೆ ಅಂತ ತೋರಿಸೋದು, ನೋಡುತ್ತಾ ಕೂತೆ. ಇಳಕಲ್‌ನ ಗಾದಿ ಮೇಲೆ ಕೂತ ನನ್ನನ್ನು ಅದು ಬೆಂಗಳೂರು ಅಂತ ತೋರಿಸಿತು! ಮೊಬೈಲ್ ನೆಟ್‌ವರ್ಕ್‌ನ ಐಪಿ ವಿಳಾಸ ನೋಡಿ ಊರು ಅಂದಾಜು ಮಾಡುವುದರಿಂದ ಹೀಗಾಗುತ್ತದೆ. ಬೆಂಗಳೂರಿನಲ್ಲಿ ನಮಗೆ ಭಾರಿ ಗಿರಾಕಿ ಇದ್ದಾರೆ ಅಂತ ನಾನು ಅಲ್ಲಿಯವರೆಗೆ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದೆ. ಅವತ್ತಿನಿಂದ ಊರಿನ ಪಟ್ಟಿಯನ್ನು ಅರ್ಧ ಮಾತ್ರ ನಂಬುತ್ತೇನೆ.

ಇನ್ನು ದೊಡ್ಡ ತಪ್ಪಿನ ಕಥೆ. ಸೈಟಿಗೆ ಜನ ಬರುತ್ತಿದ್ದಾರೆ, ಜಾಹೀರಾತು ಹಾಕಿದರೆ ನಾಲ್ಕು ಕಾಸು ಬರುತ್ತೆ ಅಂತ ಯಾರೋ ಅಂದರು. ನಮ್ಮ ಸೈಟಿನಲ್ಲಿ ಬೇರೆಯವರ ಜಾಹೀರಾತು ತೋರಿಸಿ ನಮಗೆ ಪಾಲು ಕೊಡುವ ಗೂಗಲ್‌ನ ಆ್ಯಡ್‌ಸೆನ್ಸ್‌ಗೆ ಅರ್ಜಿ ಹಾಕಿದೆ, ಒಪ್ಪಿಗೆಯೂ ಸಿಕ್ಕಿತು. ಕೋಡ್ ಹಾಕಿ, ಎಲ್ಲಿ ಬೇಕಾದರೂ ತೋರಿಸು ಅಂತ ಆಟೋ ಆ್ಯಡ್ಸ್ ಆನ್ ಮಾಡಿ ಬಿಟ್ಟೆ. ನಮ್ಮ ಕಾಕಾನ ಮಗ ಅಂತೂ ಉಪಕಾರ ಮಾಡ್ತೀನಿ ಅಂತ ದಿನಾ ಐದಾರು ಸಲ ಜಾಹೀರಾತು ಒತ್ತಿದ. ಅವನನ್ನು ನಿಲ್ಲಿಸೋಕೆ ಜಗಳವೇ ಆಡಬೇಕಾಯಿತು. ನಾವೇ ಒತ್ತೋದು, ನಮ್ಮವರಿಂದ ಒತ್ತಿಸೋದು ಎರಡೂ ನಿಯಮಕ್ಕೆ ವಿರುದ್ಧ. ಖಾತೆಯೇ ಬಂದ್ ಆಗಬಹುದು.

ಎರಡು ತಿಂಗಳಾದ ಮೇಲೆ ಅವ್ವ ಒಂದು ದಿನ ಮೊಬೈಲ್‌ನಲ್ಲಿ ನಮ್ಮ ಸೈಟ್ ನೋಡುತ್ತಿದ್ದವರು ಕರೆದರು. "ಇದು ನಮ್ಮ ಸೀರಿ ಅಲ್ಲಲ್ಲೋ, ಇದ್ಯಾಕ ನಮ್ಮ ಅಂಗಡ್ಯಾಗ ಐತಿ?" ನೋಡಿದರೆ ನಮ್ಮ ಸೀರೆಯ ಫೋಟೋ ಕೆಳಗೇ ಬೇರೊಂದು ದೊಡ್ಡ ಅಂಗಡಿಯ ಜಾಹೀರಾತು. ಅರ್ಧ ಬೆಲೆಗೆ, ಪವರ್‌ಲೂಮ್ ಸೀರೆ. ನಮ್ಮ ಗಾದಿ ಮೇಲೆ ಇನ್ನೊಬ್ಬರ ಸೇಲ್ಸ್‌ಮನ್‌ನನ್ನು ಕೂರಿಸಿ, ಅದಕ್ಕೆ ಅವನಿಂದ ಪೈಸೆ ಲೆಕ್ಕದಲ್ಲಿ ಬಾಡಿಗೆ ತಗೊಂಡಂಗೆ! ತಪ್ಪು ಪೂರ್ತಿ ನಂದೇ. ಪುಟದಲ್ಲಿ ಸೀರೆ ಅಂತ ಬರೆದಿದ್ದರೆ ಅದಕ್ಕೆ ಹೊಂದುವ ಜಾಹೀರಾತು ಸೀರೆಯದೇ ಅಲ್ವಾ?

ಕೋಪದಲ್ಲಿ ಎಲ್ಲ ಕಿತ್ತು ಹಾಕಬೇಕು ಅಂತ ಕೂತೆ. ಅದಕ್ಕೂ ಮುಂಚೆ ಯಾವ ಪುಟಕ್ಕೆ ಯಾರು ಬರುತ್ತಾರೆ ಅಂತ ಮೊದಲ ಸಲ ಪುಟವಾರು ನೋಡಿದೆ. ಅಲ್ಲೊಂದು ವಿಚಿತ್ರ ಕಂಡಿತು. ನಮ್ಮ ಸೈಟಿನಲ್ಲಿ ಜಾಸ್ತಿ ಜನ ಓದುವ ಪುಟ ಯಾವ ಸೀರೆಯದೂ ಅಲ್ಲ. ಅದು ಕೊಂಡಿ ಬಗ್ಗೆ ನಾನು ಬರೆದಿದ್ದ ಲೇಖನ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಅದನ್ನು ಅಪ್ಪನಿಂದ ಕೇಳಿ ಚಿತ್ರ ಹಾಕಿ ಬರೆದಿದ್ದೆ. ಅಲ್ಲಿಗೆ ಬರೋರು ಓದುತ್ತಾರೆ, ಪೂರ್ತಿ ಕೆಳಗಿನ ತನಕ ಹೋಗುತ್ತಾರೆ, ಹಾಗೇ ಹೊರಟು ಹೋಗುತ್ತಾರೆ. ಸೀರೆ ಪುಟದ ಕಡೆ ತಿರುಗಿಯೂ ನೋಡುವುದಿಲ್ಲ. ಆಮೇಲೆ ಇಬ್ಬರು ಮೂವರು ಮೆಸೇಜ್ ಮಾಡಿದಾಗ ಗೊತ್ತಾಯಿತು, ಬಹಳಷ್ಟು ಜನ ಪ್ರಾಜೆಕ್ಟ್ ಬರೆಯುವ ಫ್ಯಾಷನ್ ಡಿಸೈನ್ ಹುಡುಗ ಹುಡುಗಿಯರು!

ಹೀಗಾಗಿ ಕಿತ್ತು ಹಾಕಲಿಲ್ಲ, ಜಾಗ ಬದಲಿಸಿದೆ. ಆಟೋ ಬಿಟ್ಟು, ಸೀರೆ ಇರುವ ಒಂದೊಂದು ಪುಟದಿಂದಲೂ ಜಾಹೀರಾತು ತೆಗೆದೆ. ಕೊಂಡಿ ಲೇಖನ, ಸೀರೆ ತೊಳೆಯುವ ಲೇಖನ, ಕೈಮಗ್ಗ ಗುರುತಿಸುವ ಲೇಖನ, ಈ ಮೂರರಲ್ಲಿ ಮಾತ್ರ ಉಳಿಸಿದೆ, ಅದೂ ಓದು ಮುಗಿದ ಮೇಲೆ ಕೆಳಗೆ ಒಂದು. ತೊಂದರೆ ಕೊಟ್ಟ ಅಂಗಡಿಯ ವಿಳಾಸವನ್ನು ತಡೆ ಪಟ್ಟಿಗೆ ಹಾಕಿದೆ. ವರಮಾನ ಹೇಳಿಕೊಳ್ಳುವಂತದ್ದಲ್ಲ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಅಂತ ಅಂಚೆಯಲ್ಲಿ ಪಿನ್ ನಂಬರಿನ ಕಾರ್ಡ್ ಬಂತು. ಅಪ್ಪ ಅದನ್ನು ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದಾರೆ. ದುಡ್ಡು ಕೈಗೆ ಬರಬೇಕಾದರೆ 100 ಡಾಲರ್ ಆಗಬೇಕು. ಆಗ್ತಾ ಇದೆ, ನಿಧಾನಕ್ಕೆ.

ಆಮೇಲೆ ಅಪ್ಪನ ಪ್ರಶ್ನೆಗೆ ಬಂದೆ. ಸೈಟಿನಲ್ಲಿ ಸೀರೆ ಬಿಚ್ಚಿಸಿ ನೋಡುವುದು ಅಂದರೆ ಏನು? ನಮ್ಮ ಮಟ್ಟಿಗೆ ಅದು ವಾಟ್ಸಾಪ್ ಬಟನ್. ನಮ್ಮ ಗಿರಾಕಿಗಳು ಕಾರ್ಡ್ ಹಾಕಿ ಸೀದಾ ಕೊಳ್ಳುವವರಲ್ಲ. ಇನ್ನೊಂದು ಫೋಟೋ ಕಳಿಸ್ರಿ, ಬಿಸಿಲಿನಾಗ ತೆಗೆದು ಕಳಿಸ್ರಿ ಅಂತ ಕೇಳುವವರು. ಆ ಬಟನ್ ಒತ್ತಿದ್ದನ್ನು ಎಣಿಸುವಂತೆ ಅನಾಲಿಟಿಕ್ಸ್‌ನಲ್ಲಿ ಗುರುತು ಹಾಕಿದೆ. 2024ರಿಂದ ಇದನ್ನು ಕೀ ಇವೆಂಟ್ ಅಂತಾರೆ, ಅದಕ್ಕೂ ಮೊದಲು ಕನ್ವರ್ಷನ್ ಅಂತಿದ್ದರು. ಮೊದಲ ವಾರ ಎಣಿಸಿದಾಗ ಸಿಕ್ಕಿದ್ದು ಮೂರು. ಮೂರೇ ಮೂರು!

ಕಾರಣ ಹುಡುಕೋಕೆ ಜಾಸ್ತಿ ದಿನ ಬೇಕಾಗಲಿಲ್ಲ. ಪುಟದ ನೂರಕ್ಕೆ 90 ಭಾಗ ಕೆಳಗೆ ಇಳಿದವರನ್ನು ಅನಾಲಿಟಿಕ್ಸ್ ತಾನಾಗೇ ಎಣಿಸುತ್ತದೆ. ಸೀರೆ ಪುಟಗಳಲ್ಲಿ ಅಷ್ಟು ಕೆಳಗೆ ಹೋದವರೇ ಕಡಿಮೆ. ನಾನು ವಾಟ್ಸಾಪ್ ಬಟನ್ ಇಟ್ಟಿದ್ದು ಎಲ್ಲಿ? ಊರಿನ ಇತಿಹಾಸ, ಅಜ್ಜನ ಫೋಟೋ ಎಲ್ಲ ಆದ ಮೇಲೆ, ತೀರಾ ಕೊನೆಗೆ. ಅಜ್ಜನ ಫೋಟೋ ಬೇರೆ ಪುಟಕ್ಕೆ ಹೋಯಿತು. ಅವ್ವನಿಗೆ ಸ್ವಲ್ಪ ಬೇಜಾರಾಯಿತು, ಇರಲಿ. ಬಟನ್ ಮೊಬೈಲ್ ಪರದೆಯ ಕೆಳಗೆ ಯಾವಾಗಲೂ ಕಾಣುವಂತೆ ಕೂರಿಸಿದೆ. ಬೆಲೆ ಫೋಟೋದ ಕೆಳಗೇ ಬಂತು. ಮೊದಲ ಫೋಟೋ ಮಡಚಿಟ್ಟ ಸೀರೆಯದು ಇತ್ತು, ಅದನ್ನು ತೆಗೆದು ಕೆಂಪು ಸೆರಗಿನ ಟೋಪು ತೆನಿ (ಸೆರಗಿನ ವಿನ್ಯಾಸ) ಕಾಣುವ ಫೋಟೋ ಹಾಕಿದೆ. ಇಳಕಲ್ ಸೀರೆ ನೋಡೋರು ಮೊದಲು ಕೇಳೋದೇ ಸೆರಗು. ಅಂಗಡಿಯಲ್ಲಿ ಇದನ್ನೆಲ್ಲ ಅಪ್ಪ ಯೋಚಿಸದೇ ಮಾಡುತ್ತಾರೆ. ಜೊತೆಗೆ ಒಂದೊಂದು ಫೋಟೋ 4 ಎಂಬಿ ಇದ್ದದ್ದನ್ನು 200 ಕೆಬಿ ಒಳಗೆ ಇಳಿಸಿದೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಫೋಟೋ ಬರುವಷ್ಟರಲ್ಲಿ ಮನಸ್ಸು ಬದಲಾಗಿರುತ್ತದೆ.

ಇನ್ನೊಂದು ಸಣ್ಣ ಉಪಾಯ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ವಾಟ್ಸಾಪ್ ಲಿಂಕಿನೊಳಗೆ ಮೊದಲೇ ಒಂದು ಸಾಲು ಬರೆದಿಡಬಹುದು. ಸೀರೆ ನಂಬರ್ 42 ಬಗ್ಗೆ ಕೇಳಬೇಕಿತ್ತು ಅಂತ. ಗಿರಾಕಿ ಬಟನ್ ಒತ್ತಿದರೆ ಆ ಸಾಲು ಮೊದಲೇ ತುಂಬಿರುತ್ತದೆ, ಕಳಿಸು ಅಂತ ಒತ್ತಿದರೆ ಸಾಕು. ಲೆಕ್ಕದ ಪುಸ್ತಕದಲ್ಲಿ ಅಪ್ಪನಿಗೆ ಹೇಳಿ ಒಂದು ಕಾಲಂ ಎಳೆಸಿದೆ: ಯಾವ ನಂಬರ್ ಕೇಳಿದರು, ಕೊಂಡರೋ ಇಲ್ಲವೋ. ಅನಾಲಿಟಿಕ್ಸ್ ಹೇಳದೇ ಇರೋದನ್ನು ಆ ಕಾಲಂ ಹೇಳುತ್ತದೆ.

ಜನ ಯಾವ ಮಾತು ಬರೆದು ಹುಡುಕಿ ನಮ್ಮಲ್ಲಿಗೆ ಬರುತ್ತಾರೆ ಅನ್ನೋದು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕಾಣುತ್ತದೆ. ಅದನ್ನು ತೆರೆದ ದಿನ ನಗು ಬಂತು. ನಾನು ಎಲ್ಲ ಕಡೆ ಇಳಕಲ್ ಅಂತ ಬರೆದಿದ್ದೆ. ಜನ ಇಲಕಲ್ ಅಂತಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮೂರು ನಾಲ್ಕು ತರ ಬರೆಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಿಯ ಕೆಳಗೆ ಇರಕಲ್ ಅಂತ ಒಂದು ಪದ ಇತ್ತು. ಮರಾಠಿಯಲ್ಲಿ ನಮ್ಮ ಸೀರೆಗೆ ಇರಕಲ್ ಅಂತಾರೆ! ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರದಿಂದ ಅಂಗಡಿಗೆ ಬರೋರ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ ಮಾತು. ಬರೆಯಬೇಕು ಅಂತ ಮಾತ್ರ ಹೊಳೆದಿರಲಿಲ್ಲ. ಸೊಲ್ಲಾಪುರದಿಂದ ಬಂದ ನಮ್ಮ ವೈನಿಗೆ (ಅತ್ತಿಗೆಗೆ) ಹೇಳಿದೆ. "ಮತ್ತ? ನಮ್ಮ ಕಡಿ ಇಳಕಲ್ ಅಂದ್ರ ಯಾರಿಗೂ ತಿಳಿಯಂಗಿಲ್ಲ," ಅಂದರು. ಅವರೇ ಕೂತು ಮರಾಠಿಯಲ್ಲಿ ಒಂದು ಪುಟ ಬರೆದು ಕೊಟ್ಟರು. ವಾಟ್ಸಾಪ್‌ನಲ್ಲಿ ಮರಾಠಿ ಮೆಸೇಜ್ ಬಂದರೆ ಉತ್ತರ ಕೊಡೋದೂ ಈಗ ಅವರ ಕೆಲಸ.

ಕೊನೆಗೆ ದುಡ್ಡು ಕೊಟ್ಟು ಗೂಗಲ್‌ನಲ್ಲಿ ಜಾಹೀರಾತು ಹಾಕಿದ್ದು. ದಿನಕ್ಕೆ 200 ರೂಪಾಯಿ. ಮೊದಲ ವಾರವೇ ಒಂದು ದಿನ 390 ಖರ್ಚು ತೋರಿಸಿತು. ಎದೆ ಧಸಕ್ ಅಂತು. ಆಮೇಲೆ ಓದಿದೆ. ಒಂದು ದಿನ ಎರಡು ಪಟ್ಟಿನ ತನಕ ಖರ್ಚಾಗಬಹುದು, ತಿಂಗಳ ಲೆಕ್ಕದಲ್ಲಿ ದಿನದ ಮೊತ್ತದ 30.4 ಪಟ್ಟು ದಾಟುವುದಿಲ್ಲ. ಇದರ ಮೇಲೆ 18% ಜಿಎಸ್‌ಟಿ ಬೇರೆ. ಅದನ್ನು ಸೇರಿಸಿಯೇ ಬಜೆಟ್ ಇಟ್ಟುಕೊಳ್ಳಬೇಕು.

ಕ್ಲಿಕ್ ಬಂದವು, ವಾಟ್ಸಾಪ್ ಸುಮ್ನೆ ಕೂತಿತ್ತು. ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಕಂಡಿತು ಅನ್ನೋ ಪಟ್ಟಿ ತೆಗೆದೆ. ಗ್ರಾನೈಟ್! ಇಳಕಲ್ ಅಂದರೆ ಸೀರೆ ಅಂತ ನಾವಂದುಕೊಂಡಿದ್ದೇವೆ. ಮನೆ ಕಟ್ಟಿಸೋರಿಗೆ ಇಳಕಲ್ ಅಂದರೆ ಕೆಂಪು ಕಲ್ಲು. ನಾನು ಇಳಕಲ್ ಅನ್ನೋ ಪದವನ್ನು ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟಿದ್ದೆ, ಅಂದರೆ ಹತ್ತಿರದ್ದು ಏನೇ ಹುಡುಕಿದರೂ ತೋರಿಸು ಅಂತ. ಬಸ್ಸಿನ ಟೈಮು, ಹವಾಮಾನ, ಮಠ, ಎಲ್ಲದಕ್ಕೂ ನಮ್ಮ ಸೀರೆ! ಗ್ರಾನೈಟ್, ಟೈಲ್ಸ್, ಬಸ್, ಮಠ ಎಲ್ಲವನ್ನೂ ನೆಗೆಟಿವ್ ಕೀವರ್ಡ್ ಮಾಡಿದೆ, ಅಂದರೆ ಈ ಪದ ಇದ್ದರೆ ತೋರಿಸಬೇಡ ಅಂತ. ಇಳಕಲ್ ಸೀರೆ, ಇರಕಲ್ ಸಾಡಿ ಅಂತ ಜೋಡಿ ಪದಗಳನ್ನು ಫ್ರೇಸ್ ಮ್ಯಾಚ್‌ಗೆ ತಂದೆ, ಅಂದರೆ ಆ ಅರ್ಥದ ಮಾತು ಹುಡುಕಿದರೆ ಮಾತ್ರ ತೋರಿಸು ಅಂತ. ಈಗಲೂ ಸೋಮವಾರ ಬೆಳಗ್ಗೆ ಆ ಪಟ್ಟಿ ನೋಡೋದು ಬಿಟ್ಟಿಲ್ಲ. ವಾರಕ್ಕೆ ಒಂದಾದರೂ ಹೊಸ ಗ್ರಾನೈಟ್ ಸಿಗುತ್ತದೆ.

ಚಿತ್ರದ ಜಾಹೀರಾತನ್ನೂ ಒಂದು ತಿಂಗಳು ಓಡಿಸಿದೆ. ಅದು ಎಲ್ಲೆಲ್ಲಿ ಕಂಡಿತು ಅಂತ ವರದಿ ನೋಡಿದರೆ ಸಾಲು ಸಾಲು ಮೊಬೈಲ್ ಗೇಮ್‌ಗಳು. ಆಟ ಆಡುತ್ತಿದ್ದ ಮಕ್ಕಳ ಬೆರಳು ತಾಗಿದ್ದಕ್ಕೆ ನಾನು ದುಡ್ಡು ಕೊಟ್ಟಿದ್ದೆ ಅಂತ ನನ್ನ ಅನುಮಾನ. ಬಂದವರು ಎರಡು ಸೆಕೆಂಡ್ ನಿಲ್ಲುತ್ತಿರಲಿಲ್ಲ. ಸೆಟ್ಟಿಂಗ್ ಓದದೆ ಮುಂದೆ, ಮುಂದೆ ಅಂತ ಒತ್ತಿಕೊಂಡು ಹೋದವನು ನಾನೇ, ಯಾರನ್ನು ಬೈಯಲಿ? ಆ್ಯಪ್‌ಗಳ ವರ್ಗಗಳನ್ನೆಲ್ಲ ಹೊರಗಿಟ್ಟೆ. ಕ್ಲಿಕ್ ಧಡಕ್ಕಂತ ಬಿದ್ದವು. ನೋಡೋಕೆ ಹೆದರಿಕೆ ಆಗುತ್ತದೆ, ಆದರೆ ವಾಟ್ಸಾಪ್ ಲೆಕ್ಕ ಮಾತ್ರ ಕಡಿಮೆಯಾಗಲಿಲ್ಲ. ಕೊನೆಗೆ ಚಿತ್ರದ ಜಾಹೀರಾತನ್ನೇ ನಿಲ್ಲಿಸಿ ಆ ದುಡ್ಡನ್ನೂ ಹುಡುಕುವವರ ಕಡೆಗೇ ಹಾಕಿದೆ.

ಈಗ ದಿನಕ್ಕೆ ಬರೋರ ಸಂಖ್ಯೆ ಆ 112ಕ್ಕಿಂತ ಕಡಿಮೆಯೇ ಇರುತ್ತದೆ ಬಹಳ ದಿನ. ವಾಟ್ಸಾಪ್ ಒತ್ತೋರು ವಾರಕ್ಕೆ 25ರಿಂದ 30. ಅದರಲ್ಲಿ ಏಳೆಂಟು ಸೀರೆ ಹೋಗುತ್ತವೆ. ಪಂಚಮಿ, ದೀಪಾವಳಿ ಹತ್ತಿರ ಬಂದರೆ ಇನ್ನೂ ಜಾಸ್ತಿ.

ಹೋದ ಡಿಸೆಂಬರ್‌ನಲ್ಲಿ ಒಂದು ಕಪ್ಪು ಸೀರೆಯ ಪುಟ ಇದ್ದಕ್ಕಿದ್ದಂತೆ ಮೇಲೆ ಬಂತು. ಏನಪ್ಪಾ ಇದು ಅಂತ ನೋಡಿದರೆ ಎಲ್ಲ ಇರಕಲ್ ಅಂತ ಹುಡುಕಿ ಬಂದವರು. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆ ಉಡುತ್ತಾರೆ ಅಂತ ವೈನಿ ಹೇಳಿದರು. ನಮ್ಮ ಹತ್ತಿರ ಇದ್ದದ್ದು ಎರಡೇ ಚಂದ್ರಕಾಳಿ, ಅಂದರೆ ಕಪ್ಪು ಸೀರೆ. ಎರಡೂ ಹೋದವು. ಆಮೇಲೆ ಬಂದ ಹದಿನಾಲ್ಕು ಮಂದಿಗೆ ಇಲ್ಲ ಅಂತ ಬರೆಯಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಆ ಹದಿನಾಲ್ಕು ಸಾಲು ಹಾಗೇ ಇವೆ.

ಈ ಸಲ ದೀಪಾವಳಿಗೆ ಮುಂಚೆಯೇ ಕರಿ ನೂಲು ತಂದಾಗಿದೆ. ನೇಕಾರ ಮಾಮಾ ಎಷ್ಟು ಹಾಕಲಿ ಅಂತ ಮೊನ್ನೆ ಕೇಳಿದರು. ಇಪ್ಪತ್ತು ಅಂದೆ. ಅಪ್ಪ ಕನ್ನಡಕ ಏರಿಸಿ, ಹೋದ ವರ್ಷದ ಪುಸ್ತಕ ತೆಗೆದು, ಆ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದರು. "ಹದಿನಾರು ಹಾಕು," ಅಂದರು.