ಸೆಡಾನ್ ಕಾರಿನ ಸ್ಪೀಕರ್ ಬದಲಾವಣೆ: ಮೊದಲು ಬಾಗಿಲು, ಆಮೇಲೆ ಸ್ಪೀಕರ್

ನಮ್ಮ ಮನೆಯ ಕಾರು ನಾಲ್ಕು ಮೀಟರಿನೊಳಗಿನ ಸಾಧಾರಣ ಪೆಟ್ರೋಲ್ ಸೆಡಾನ್. ತುಮಕೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 70 ಕಿಲೋಮೀಟರ್, ಇತ್ತ ತಿಪಟೂರಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಈ ಎರಡು ದಾರಿಗಳಲ್ಲೇ ಅದರ ಬಹುಪಾಲು ಓಡಾಟ. ಊರೊಳಗೆ ನಿಧಾನವಾಗಿ ಹೋಗುವಾಗ ಸ್ಟೀರಿಯೋ ತಕ್ಕಮಟ್ಟಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಕ್ಯಾತ್ಸಂದ್ರ ದಾಟಿ ವೇಗ 80 ಮೀರಿತೆಂದರೆ ಮೃದಂಗದ ಎಡಭಾಗದ ನಾದ ಟೈರಿನ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು, ವಾಲ್ಯೂಮ್ ಏರಿಸಿದರೆ ಹಾಡಿಗಿಂತ ಮೊದಲು ಬಾಗಿಲೇ ಗುಂಯ್‌ಗುಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ವಚನ ಕೇಳುವ ಅಮ್ಮನ ದೂರು ಇನ್ನೂ ಖಚಿತವಾಗಿತ್ತು: "ತಾಳ ಕೇಳ್ತದೆ, ಮಾತು ಕೇಳಲ್ಲ ಕಣಪ್ಪಾ." ಆದ್ದರಿಂದ ನನ್ನ ಗುರಿ ಸೀಮಿತವಾಗಿತ್ತು. ಮಾತು ಸ್ಪಷ್ಟವಾಗಬೇಕು, ತಾಳವಾದ್ಯಕ್ಕೆ ಅದರ ತೂಕ ಸಿಗಬೇಕು, ತೆಂಗಿನಕಾಯಿ ಚೀಲ ತುಂಬುವ ಡಿಕ್ಕಿಯಲ್ಲಿ ಒಂದಿಂಚು ಜಾಗವೂ ಹೋಗಬಾರದು. ಸಬ್‌ವೂಫರ್‌ನ ಪೆಟ್ಟಿಗೆ (ತಗ್ಗು ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್) ಅಲ್ಲಿಗೇ ಲೆಕ್ಕದಿಂದ ಹೊರಗಾಯಿತು.

ಅಂಗಡಿಗೆ ಹೋಗುವ ಮೊದಲು ಒಂದು ಬಾಗಿಲನ್ನು ಬಿಚ್ಚಿ ನೋಡಲು ತೀರ್ಮಾನಿಸಿದೆ. ಸ್ಪೀಕರಿನ ಅಳತೆ ಎನ್ನುವುದು ಆರೂವರೆ ಇಂಚು ಎಂಬ ಮಾತಿಗೇ ಮುಗಿಯುವುದಿಲ್ಲ. ಹಿಂಬದಿಯ ಮ್ಯಾಗ್ನೆಟ್ ಎಷ್ಟು ಆಳಕ್ಕೆ ಹೋಗುತ್ತದೆ, ಗ್ಲಾಸ್ ಪೂರ್ತಿ ಇಳಿದಾಗ ಅದಕ್ಕೂ ಮ್ಯಾಗ್ನೆಟ್ಟಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಬಾಗಿಲು ತೆರೆದೇ ಅಳೆಯಬೇಕು. ಹಾಗಾಗಿ ಗ್ಲಾಸ್ ಇಳಿಸಿಟ್ಟು, ಆಮೇಲೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿದೆ. ಒಳಗಿನ ಹಿಡಿಕೆಯ ಹಿಂದಿನ ಮುಚ್ಚಳದಡಿ ಒಂದು ಸ್ಕ್ರೂ, ಕೈ ಇಡುವ ಜಾಗದ ಗುಳಿಯಲ್ಲಿ ಇನ್ನೊಂದು. ಅವನ್ನು ಬಿಚ್ಚಿದ ಮೇಲೆ ಡೋರ್ ಪ್ಯಾಡ್ ನಿಂತಿರುವುದು ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ಮಾತ್ರ. ಕೆಳ ಅಂಚಿನ ಮೂಲೆಯಲ್ಲಿ ಚಪ್ಪಟೆ ಪ್ಲಾಸ್ಟಿಕ್ ಸಲಕರಣೆಯನ್ನು ತೂರಿಸಿ, ಕ್ಲಿಪ್ ಇರುವ ಜಾಗಕ್ಕೆ ಆದಷ್ಟು ಹತ್ತಿರ ಹಿಡಿದು ಎಳೆದರೆ ಟಪ್ ಎಂದು ಬಿಡುತ್ತದೆ. ಸ್ಕ್ರೂಡ್ರೈವರ್ ತೂರಿಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಎಲ್ಲ ಕ್ಲಿಪ್ ಬಿಟ್ಟ ಮೇಲೆ ಪ್ಯಾಡನ್ನು ತನ್ನ ಕಡೆಗೆ ಎಳೆಯದೆ ಮೇಲಕ್ಕೆ ಎತ್ತಬೇಕು, ಏಕೆಂದರೆ ಅದರ ಮೇಲಂಚು ಗ್ಲಾಸಿನ ರಬ್ಬರ್ ಪಟ್ಟಿಯ ಬಳಿ ಕೊಕ್ಕೆಯಂತೆ ಕೂತಿರುತ್ತದೆ. ಹಿಡಿಕೆಯ ಕೇಬಲ್ ಮತ್ತು ಪವರ್ ವಿಂಡೋ ಸ್ವಿಚ್ಚಿನ ಕಪ್ಲರ್ (ವೈರ್ ಜೋಡಿಸುವ ಕೊಂಡಿ) ಇನ್ನೂ ಅಂಟಿಕೊಂಡಿರುವುದರಿಂದ ಪ್ಯಾಡನ್ನು ಮಂಡಿಯ ಮೇಲೆ ಆನಿಸಿಕೊಂಡು ಅವನ್ನು ಒಂದೊಂದಾಗಿ ಕಳಚಿದೆ. ಹಳೆಯ ಕಾರಿನಲ್ಲಿ ಕೆಲವು ಕ್ಲಿಪ್ ಮುರಿಯುವುದು ಸಹಜ, ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅವು ಬಿಡಿಯಾಗಿಯೇ ಸಿಗುತ್ತವೆ, ಮೊದಲೇ ಒಂದಷ್ಟು ತಂದಿಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

ಒಳಗಿದ್ದ ಸ್ಪೀಕರನ್ನು ಕೈಗೆ ತೆಗೆದುಕೊಂಡಾಗ ಅದರ ಹಗುರತನವೇ ಮೊದಲು ಗಮನಕ್ಕೆ ಬಂತು. ಪ್ಲಾಸ್ಟಿಕ್ ಚೌಕಟ್ಟು, ಕಾಗದದ ಕೋನ್, ಸಣ್ಣ ಮ್ಯಾಗ್ನೆಟ್. ಕಾಗದದ ಕೋನ್ ಎಂದೊಡನೆ ಮೂಗು ಮುರಿಯುವವರಿದ್ದಾರೆ; ಅದು ಸರಿಯಲ್ಲ, ಬಹಳ ದುಬಾರಿ ಸ್ಪೀಕರ್‌ಗಳಲ್ಲೂ ಕಾಗದದ ಕೋನ್ ಇರುತ್ತದೆ. ಇಲ್ಲಿ ಕೊರತೆಯಿದ್ದದ್ದು ಮ್ಯಾಗ್ನೆಟ್ಟಿನ ಬಲ ಮತ್ತು ಚೌಕಟ್ಟಿನ ಗಟ್ಟಿತನದಲ್ಲಿ. ಕನ್ನಡಿಯ ಹಿಂದಿನ ತ್ರಿಕೋನದಲ್ಲಿ ಕೂರಿಸಿದ್ದ, ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್ ಆದ ಟ್ವೀಟರಿಗೆ ಕ್ರಾಸ್‌ಓವರ್ (ಯಾವ ಸ್ಪೀಕರಿಗೆ ಯಾವ ಸ್ವರ ಎಂದು ಬೇರ್ಪಡಿಸುವ ಭಾಗ) ಎಂದು ಇದ್ದದ್ದು ವೈರಿನ ನಡುವೆ ಬೆಸುಗೆ ಹಾಕಿದ 4.7 ಮೈಕ್ರೋಫ್ಯಾರಡ್‌ನ ಒಂದೇ ಒಂದು ಕೆಪಾಸಿಟರ್. 4 ಓಮ್ ಟ್ವೀಟರಿಗೆ ಅದು ಸುಮಾರು 8,500 ಹರ್ಟ್ಜ್‌ಗಿಂತ ಕೆಳಗಿನದನ್ನು ತಗ್ಗಿಸುತ್ತಾ ಹೋಗುತ್ತದೆ. ಅದರ ಕೆಳಗೆ ಎಲ್ಲವನ್ನೂ ಮೊಣಕಾಲಿನ ಮಟ್ಟದಲ್ಲಿರುವ ಬಾಗಿಲಿನ ಸ್ಪೀಕರೇ ನುಡಿಸಬೇಕು. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2,000ದಿಂದ 6,000 ಹರ್ಟ್ಜ್ ನಡುವೆ. ಆ ಭಾಗವೆಲ್ಲ ಕಾಲಿನ ಬಳಿಯೇ ಉಳಿದಿತ್ತು. ಅಮ್ಮನ ದೂರಿನ ಅರ್ಥ ನನಗೆ ಹೊಳೆದದ್ದು ಆ ಪುಟ್ಟ ಕೆಪಾಸಿಟರ್ ನೋಡಿದ ಮೇಲೆ.

ಆಯ್ಕೆಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು ವಾಟ್. "ಸಾರ್, ಇದು 300 ವಾಟ್ಸ್, ಗಾಡಿನೇ ಅಲ್ಲಾಡುತ್ತೆ" ಎಂದು ತೋರಿಸಿದ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ 50 (ಸತತವಾಗಿ ತಾಳುವ ವಾಟ್ ಇಷ್ಟೇ) ಎಂದಿತ್ತು. ಇನ್ನೂ ಮುಖ್ಯವಾದ ಲೆಕ್ಕ ಬೇರೆ ಇದೆ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್, ಸ್ಟೀರಿಯೋದೊಳಗಿನ ಆಂಪ್ಲಿಫೈಯರ್ ಆ ವೋಲ್ಟೇಜನ್ನೇ ನೇರವಾಗಿ ಬಳಸುವುದರಿಂದ, 4 ಓಮ್ ಸ್ಪೀಕರಿಗೆ ಅದು ಅಲೆ ಕೆಡದಂತೆ ಕೊಡಬಲ್ಲ ಶಕ್ತಿಯ ಮೇಲ್ಮಿತಿ ಲೆಕ್ಕದಲ್ಲಿ ಸುಮಾರು 26 ವಾಟ್, ಒಳಗಿನ ನಷ್ಟ ಕಳೆದರೆ 15ರಿಂದ 20 ವಾಟ್. ಸ್ಟೀರಿಯೋದ ಮುಖದ ಮೇಲಿನ "50×4" ಎಂಬ ಅಂಕಿ, ಅಲೆಯ ನೆತ್ತಿ ಕತ್ತರಿಸಿಹೋಗಿ ಅದು ಚೌಕವಾದಾಗ ಬರುವ ಲೆಕ್ಕ, ಅದನ್ನು ಸಂಗೀತವೆನ್ನಲಾಗದು. ಹೀಗಿರುವಾಗ ಸ್ಪೀಕರ್ ಎಷ್ಟು ವಾಟ್ ತಾಳುತ್ತದೆ ಎಂಬುದಕ್ಕಿಂತ ಒಂದು ವಾಟಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನೇ, ಅಂದರೆ ಸೆನ್ಸಿಟಿವಿಟಿಯನ್ನೇ, ನಾನು ನೋಡಿದೆ. ಅಲ್ಲಿ 3 ಡೆಸಿಬೆಲ್ ಹೆಚ್ಚಿದ್ದರೆ ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾದಷ್ಟೇ ಫಲ. ಈ ಅಂಕಿಯಲ್ಲೂ ಒಂದು ಒಳಗುಟ್ಟಿದೆ. ಕೆಲವರು ಅದನ್ನು 1 ವಾಟಿಗೆ ಬರೆಯುತ್ತಾರೆ, ಕೆಲವರು 2.83 ವೋಲ್ಟಿಗೆ ಬರೆಯುತ್ತಾರೆ. 4 ಓಮಿನಲ್ಲಿ 2.83 ವೋಲ್ಟ್ ಎಂದರೆ 2 ವಾಟ್, ಹಾಗಾಗಿ ಎರಡನೆಯವರ ಅಂಕಿಯಿಂದ 3 ಕಳೆದೇ ಹೋಲಿಸಬೇಕು.

ಜೆಬಿಎಲ್, ಇನ್ಫಿನಿಟಿ, ಪಯನೀರ್, ಸೋನಿ, ಹರ್ಟ್ಜ್ ಎಂಬ ಕಂಪನಿಗಳ ಸ್ಪೀಕರ್ ಎಲ್ಲವನ್ನೂ ತುಮಕೂರಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಕೇಳಿದೆ. ಇವುಗಳಲ್ಲಿ ಮೊದಲೆರಡೂ ಹಾರ್ಮನ್ ಎಂಬ ಒಂದೇ ಮನೆಯವು, ಆ ಹಾರ್ಮನ್ 2017ರಿಂದ ಸ್ಯಾಮ್‌ಸಂಗ್‌ನದು. ಅಂಗಡಿಯ ಪ್ರದರ್ಶನ ಹಲಗೆಯ ಮೇಲೆ ಕೇಳಿದ ಧ್ವನಿಗೂ ಬಾಗಿಲೊಳಗೆ ಕೂತ ಮೇಲಿನ ಧ್ವನಿಗೂ ಸಂಬಂಧ ಕಡಿಮೆ ಇರುವುದರಿಂದ ಕೊನೆಗೆ ಯಾವುದನ್ನು ಕೊಂಡೆ ಎಂಬುದು ದೊಡ್ಡ ವಿಷಯವಲ್ಲ. ಮುಂದಿನ ಬಾಗಿಲುಗಳಿಗೆ ಟ್ವೀಟರ್ ಬೇರೆ, ಕ್ರಾಸ್‌ಓವರ್ ಬೇರೆ ಇರುವ ಕಾಂಪೊನೆಂಟ್ ಜೊತೆ. ಹಿಂದಿನ ಬಾಗಿಲುಗಳಿಗೆ ಅದೇ ಸರಣಿಯ ಸಾದಾ ಕೋಆಕ್ಸಿಯಲ್, ಅಂದರೆ ಟ್ವೀಟರ್ ಸ್ಪೀಕರಿನ ನಡುವೆಯೇ ಇರುವಂಥದ್ದು. ಎರಡೂ 4 ಓಮ್, ಎರಡೂ 90 ಡೆಸಿಬೆಲ್ಲಿಗಿಂತ ಮೇಲೆ.

ಇಷ್ಟರಲ್ಲಿ ಹೆಚ್ಚಿನವರು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ ಕೆಲಸ ಮುಗಿಯಿತೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೆಲಸದ ಮುಖ್ಯಭಾಗ ಇಲ್ಲಿಂದ ಶುರುವಾಗುತ್ತದೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವಂತೆ ಕಾರಿನ ಸ್ಪೀಕರಿಗೆ ಬಾಗಿಲೇ ಪೆಟ್ಟಿಗೆ. ಆ ಪೆಟ್ಟಿಗೆಯಾದರೋ ತೆಳು ತಗಡು, ಅದರ ಒಳಗೋಡೆಯಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು. ಕೋನ್ ಮುಂದಕ್ಕೆ ತಳ್ಳಿದ ಗಾಳಿಯ ಅಲೆಯೂ ಹಿಂದಕ್ಕೆ ಬಿಟ್ಟ ಅಲೆಯೂ ಒಂದಕ್ಕೊಂದು ವಿರುದ್ಧ. ನೂರು ಹರ್ಟ್ಜ್‌ನ ಅಲೆ ಸುಮಾರು 3.4 ಮೀಟರ್ ಉದ್ದವಿರುವುದರಿಂದ ಅದು ಆ ತೂತುಗಳ ಮೂಲಕ ಸುಲಭವಾಗಿ ಬಳಸಿಕೊಂಡು ಬಂದು ಮುಂದಿನ ಅಲೆಯನ್ನು ರದ್ದುಮಾಡುತ್ತದೆ. ಬಾಸ್ ಎಲ್ಲಿ ಹೋಯಿತೆಂದು ಹುಡುಕುವವರು ಮೊದಲು ಈ ತೂತುಗಳನ್ನು ನೋಡಬೇಕು.

ಕಂಪನ ತಡೆಯಲು ಅಲ್ಯೂಮಿನಿಯಂ ಹೊದಿಕೆಯ 2 ಮಿಲಿಮೀಟರ್ ಬ್ಯೂಟೈಲ್ (ಅಂಟುವ ರಬ್ಬರ್) ಶೀಟ್ ಬಳಸಿದೆ. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟನ್ನು ಅಂಟಿಸಲೇಬಾರದು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಹೋಗುವುದಿಲ್ಲ. ಹೊರತಗಡಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಧೂಳು ಪೂರ್ತಿ ಹೋದ ಮೇಲೆ ಶೀಟಿಟ್ಟು, ಅದರ ಮೇಲಿನ ಉಬ್ಬು ಗೆರೆಗಳು ಚಪ್ಪಟೆಯಾಗುವವರೆಗೆ ಸಣ್ಣ ರೋಲರಿನಿಂದ ಒತ್ತಿದೆ. ತಗಡನ್ನೆಲ್ಲ ಮುಚ್ಚುವ ಅಗತ್ಯವಿಲ್ಲ. ಹೆಚ್ಚು ನಡುಗುವುದು ಆಸರೆಯಿಲ್ಲದ ನಡುಭಾಗ. ಅಲ್ಲಿ ಕಾಲುಭಾಗದಷ್ಟು ಮುಚ್ಚಿದರೂ ವ್ಯತ್ಯಾಸದ ಬಹುಪಾಲು ಸಿಕ್ಕಿಬಿಡುತ್ತದೆ. ಬೆರಳ ಗೆಣ್ಣಿನಿಂದ ಬಡಿದಾಗ ಟಣ್ ಎನ್ನುತ್ತಿದ್ದ ಬಾಗಿಲು ಈಗ ದಬ್ ಎಂದು ಅಲ್ಲೇ ನಿಲ್ಲುತ್ತಿತ್ತು. ಒಳಗೋಡೆಯ ದೊಡ್ಡ ತೂತುಗಳಿಗೆ ತೆಳು ಅಲ್ಯೂಮಿನಿಯಂ ತಗಡನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಬ್ಯೂಟೈಲ್ ಪಟ್ಟಿ ಕೊಟ್ಟು ಕೂರಿಸಿ, ಮೇಲೆ ಶೀಟ್ ಹಾಕಿದೆ. ಗ್ಲಾಸಿನ ಮೋಟಾರಿಗೆ ಹೋಗುವ ತೂತಿನ ತಗಡನ್ನು ಮಾತ್ರ ಸ್ಕ್ರೂ ಬಿಗಿದು ಬಿಟ್ಟಿದ್ದೇನೆ. ನಾಳೆ ಮೋಟಾರ್ ಕೆಟ್ಟರೆ ಮೆಕ್ಯಾನಿಕ್ ನನ್ನನ್ನು ಬೈಯಬಾರದಲ್ಲ. ಕೆಲವು ಕಾರುಗಳಲ್ಲಿ ಅಪಘಾತವನ್ನು ಗುರುತಿಸಿ ಏರ್‌ಬ್ಯಾಗ್ ಬಿಚ್ಚಿಸುವ ಸೆನ್ಸರ್ ಬಾಗಿಲೊಳಗಿನ ಗಾಳಿಯ ಒತ್ತಡವನ್ನೇ ನಂಬಿರುತ್ತದೆ. ನಮ್ಮ ಕಾರಿನ ಬಾಗಿಲಲ್ಲಿ ಅಂಥದ್ದಿಲ್ಲವೆಂದು ಸರ್ವಿಸ್ ಕೇಂದ್ರದಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ತೂತು ಮುಚ್ಚಿದ್ದು.

ಬಾಗಿಲಿನ ತಳದಂಚಿನಲ್ಲಿರುವ ನೀರಿಳಿಯುವ ಸಣ್ಣ ಕಂಡಿಗಳು ಬೇರೆ ವಿಷಯ. ಅವನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಮಳೆನೀರು ಗ್ಲಾಸಿನ ಮೇಲಿಂದ ಬಾಗಿಲೊಳಕ್ಕೆ ಇಳಿದೇ ಇಳಿಯುತ್ತದೆ, ಕಾರನ್ನು ಮಾಡಿರುವುದೇ ಹಾಗೆ. ಶೀಟ್ ಅಂಟಿಸಿದ ಮೇಲೆ ಗ್ಲಾಸಿನ ಹೊರಮೈಗೆ ಒಂದು ಚೊಂಬು ನೀರು ಸುರಿದು, ಕೆಳಗೆ ಅದು ಕಂಡಿಗಳಿಂದ ತೊಟ್ಟಿಕ್ಕುವುದನ್ನು ನೋಡಿಯೇ ಮುಂದುವರಿದೆ.

ಇದೇ ನೀರಿನ ಕಾರಣಕ್ಕೆ ಸ್ಪೀಕರ್ ರಿಂಗಿಗೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡವೆಂದೆ. ಹಳೆಯ ಸ್ಪೀಕರಿನ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಎತ್ತರವಿತ್ತು; ಹೊಸದರ ಉಕ್ಕಿನ ಚೌಕಟ್ಟು ಚಪ್ಪಟೆಯಾಗಿರುವುದರಿಂದ ಮ್ಯಾಗ್ನೆಟ್ ಗ್ಲಾಸಿಗೆ ತಾಗದಿರಲು ನಡುವೆ ರಿಂಗ್ ಬೇಕೇಬೇಕು. ಅಡುಗೆಮನೆಯ ಕಪಾಟು ಮಾಡುವವರು ಬಳಸುವ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ ನೀರಿಗೆ ಉಬ್ಬುವುದಿಲ್ಲ, ಸ್ಕ್ರೂ ಕೂಡ ಗಟ್ಟಿಯಾಗಿ ಹಿಡಿಯುತ್ತದೆ. ಹಳೆಯ ಸ್ಪೀಕರನ್ನೇ ಅಚ್ಚಾಗಿಟ್ಟು ಗೆರೆ ಎಳೆದುಕೊಟ್ಟೆ, ಪರಿಚಯದ ಬಡಗಿಯೊಬ್ಬರು ಜಿಗ್‌ಸಾದಲ್ಲಿ ನಾಲ್ಕು ರಿಂಗ್ ಕತ್ತರಿಸಿಕೊಟ್ಟರು. ರಿಂಗಿನ ಹಿಂದೆ ಬ್ಯೂಟೈಲ್ ಪಟ್ಟಿ, ಸ್ಪೀಕರಿನ ಮುಂದೆ ಸ್ಪಂಜಿನ ಬಳೆ. ಈ ಸ್ಪಂಜು ಡೋರ್ ಪ್ಯಾಡಿನ ಜಾಲರಿಗೆ ಒತ್ತಿಕೊಂಡು ಕೂರುವುದರಿಂದ ಧ್ವನಿ ಪ್ಯಾಡಿನ ಹಿಂದೆ ಸೋರದೆ ನೇರ ಹೊರಬರುತ್ತದೆ. ಖರ್ಚು ಏನೂ ಇಲ್ಲದ ಇಂಥ ಕೆಲಸವನ್ನು ಅಂಗಡಿಯವರು ಯಾಕೆ ಬಿಡುತ್ತಾರೋ ತಿಳಿಯದು.

ಕಾರಿನ ವೈರನ್ನು ಎಲ್ಲೂ ಕತ್ತರಿಸಲಿಲ್ಲ. ಕಾರಿನ ಕಪ್ಲರಿಗೆ ಹೊಂದುವ ಸಿದ್ಧ ಕಪ್ಲರ್ ಕೊಂಡು ಜೋಡಿಸಿದೆ. ಯಾವುದು ಪ್ಲಸ್ ಎಂದು ತಿಳಿಯಲು 1.5 ವೋಲ್ಟಿನ ಸಣ್ಣ ಸೆಲ್ ಸಾಕು: ಸೆಲ್ಲಿನ ಎರಡು ತುದಿಗಳನ್ನು ಸ್ಪೀಕರಿನ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿದಾಗ ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಪ್ಲಸ್. ಎಡಬಲಗಳಲ್ಲಿ ಒಂದು ತಲೆಕೆಳಗಾದರೆ ಬಾಸ್ ಮಾಯವಾಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡುತ್ತದೆ. ಹಳೆಯ ಟ್ವೀಟರಿನ ಸಂಪರ್ಕ ಪೂರ್ತಿ ತೆಗೆದೆ; ಅದೂ ಉಳಿದರೆ ಎರಡು ಟ್ವೀಟರ್ ಸಮಾಂತರವಾಗಿ, ಮೇಲಿನ ಸ್ವರಗಳಲ್ಲಿ ಒಟ್ಟು ಓಮ್ ಇಳಿದು ಸ್ಟೀರಿಯೋಗೆ ಹೊರೆಯಾಗುತ್ತದೆ. ನಮ್ಮ ಟ್ವೀಟರ್ ಬಾಗಿಲಿನ ತ್ರಿಕೋನದಲ್ಲೇ ಇರುವುದು ಅನುಕೂಲವಾಯಿತು, ಹೊಸ ವೈರ್ ಬಾಗಿಲು ದಾಟಿ ಹೋಗಬೇಕಾಗಲಿಲ್ಲ. ಮುಂಗಂಬದಲ್ಲಿ ಟ್ವೀಟರ್ ಇರುವ ಕಾರಾದರೆ ಅಲ್ಲಿ ಏರ್‌ಬ್ಯಾಗ್ ಇದೆಯೇ ಎಂದು ನೋಡದೆ ಕೈಹಾಕಬಾರದು. ಕ್ರಾಸ್‌ಓವರ್ ಪೆಟ್ಟಿಗೆಯನ್ನು ನೀರು ಬಾರದ ಒಳಬದಿಯಲ್ಲಿ, ಪ್ಯಾಡಿನ ಹಿಂದೆ ಮೇಲ್ಗಡೆ ಕಟ್ಟಿದೆ. ಟ್ವೀಟರಿನ ಮಟ್ಟ ಬದಲಿಸುವ ಜಂಪರನ್ನು ಮೈನಸ್ 3 ಡೆಸಿಬೆಲ್ಲಿಗೆ ಇಟ್ಟೆ. ಚಾಲಕನ ಕಿವಿಗೆ ಬಲಗಡೆಯದು ತೀರ ಹತ್ತಿರ, ಸೊನ್ನೆಯಲ್ಲಿ "ಸ"ಕಾರ ಚುಚ್ಚುತ್ತಿತ್ತು.

ಫಲಿತಾಂಶ ನೋಡಲು ಪೆನ್‌ಡ್ರೈವಿನಲ್ಲಿ ಸಂಕುಚಿತಗೊಳಿಸದ ಫೈಲ್‌ಗಳನ್ನೇ ಹಾಕಿಕೊಂಡೆ. ತಂಬೂರದ ಶ್ರುತಿ ಒಂದನ್ನೇ ಹಾಕಿ ವಾಲ್ಯೂಮ್ ಏರಿಸುತ್ತಾ ಹೋಗುವುದು ನಾನು ಕಂಡುಕೊಂಡ ಪರೀಕ್ಷೆ. ಅದು ನಿಲ್ಲದೆ ಒಂದೇ ಸಮನೆ ನುಡಿಯುವುದರಿಂದ ಎಲ್ಲಿ ಏನು ಅದುರಿದರೂ ಬೆರಳಿಟ್ಟು ಹಿಡಿಯಬಹುದು. ಹಾಗೆ ಸಿಕ್ಕಿದ್ದು ಲಾಕಿನ ಕಡ್ಡಿ ಮತ್ತು ನಂಬರ್ ಪ್ಲೇಟ್. ಕಡ್ಡಿಗೆ ಬಟ್ಟೆ ಟೇಪ್ ಸುತ್ತಿದೆ, ಪ್ಲೇಟಿನ ಹಿಂದೆ ಸ್ಪಂಜು ಇಟ್ಟೆ. ಹೆದ್ದಾರಿಯ ವೇಗದಲ್ಲಿ ಮೃದಂಗದ ಎಡ ಈಗ ಟೈರಿನ ಸದ್ದಿನ ಮೇಲೆ ಬಿಡಿಯಾಗಿ ಕೇಳುತ್ತದೆ, ಬಲದ ಚಾಪು ಮೊಣಕಾಲಿನ ಬಳಿಯಿಂದ ಮೇಲೆದ್ದು ಕಿವಿಯ ಮಟ್ಟಕ್ಕೆ ಬಂದಿದೆ. ಹಿಂದಿನ ಬಾಗಿಲುಗಳಿಗೆ ಶೀಟ್ ಹಾಕಿದರೂ ಮುಂದಿನಷ್ಟು ಶ್ರಮ ಪಡಲಿಲ್ಲ. ಫೇಡರನ್ನು (ಮುಂದಿನ, ಹಿಂದಿನ ಸ್ಪೀಕರುಗಳ ನಡುವೆ ಸದ್ದು ಹಂಚುವ ಹೊಂದಾಣಿಕೆ) ಎರಡು ಹಂತ ಮುಂದಕ್ಕಿಟ್ಟರೆ ಅಮ್ಮನಿಗೂ ಮಾತು ಕೇಳುತ್ತದೆ. ನಿಜವಾದ ಬಾಸ್, ಅಂದರೆ 60 ಹರ್ಟ್ಜ್‌ಗಿಂತ ಕೆಳಗಿನದು, ಈ ವ್ಯವಸ್ಥೆಯಲ್ಲಿ ಇಲ್ಲ. ಡೋಲು, ತಮಟೆಯ ರಭಸವೇ ಬೇಕೆನ್ನುವವರಿಗೆ ಇದು ಸಾಲದು. ಬೇರೆ ಆಂಪ್ಲಿಫೈಯರ್ ಹಾಕಿದರೆ ಇನ್ನಷ್ಟು ಸಿಗುತ್ತದೆಂದು ಗೊತ್ತು. ಆದರೆ ಅದಕ್ಕೆ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವೈರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಎಂಜಿನ್ ಗೋಡೆಯ ರಬ್ಬರ್ ಮೂಲಕ ದಾರಿ ಎಲ್ಲ ಬೇಕು, ಸದ್ಯ ಆ ಗೋಜಿಗೆ ಹೋಗಿಲ್ಲ.

ಮಳೆಗಾಲ ಕಳೆದ ಮೇಲೆ ಎಡಗಡೆಯ ಡೋರ್ ಪ್ಯಾಡನ್ನು ಮತ್ತೆ ತೆಗೆದು ನೋಡಿದೆ. ರಿಂಗ್ ಉಬ್ಬಿರಲಿಲ್ಲ, ಶೀಟಿನ ಅಂಚು ಎದ್ದಿರಲಿಲ್ಲ, ಕ್ರಾಸ್‌ಓವರಿನ ತುದಿಗಳಲ್ಲಿ ಹಸಿರು ಕಟ್ಟಿರಲಿಲ್ಲ. ಕಾರಿನ ಮೂಲ ಸ್ಪೀಕರ್‌ಗಳನ್ನೂ ಟ್ವೀಟರ್‌ಗಳನ್ನೂ ಯಾವ ಬಾಗಿಲಿನದು ಎಂದು ಚೀಟಿ ಅಂಟಿಸಿ, ಸ್ಕ್ರೂ ಸಮೇತ ಅಟ್ಟದ ಮೇಲಿಟ್ಟಿದ್ದೇನೆ. ವೈರ್ ಕತ್ತರಿಸದೆ ಇರುವುದರಿಂದ ಕಾರು ಮಾರುವ ದಿನ ಬಂದರೆ ಅವನ್ನು ಹಾಗೆಯೇ ಕೂರಿಸಿ, ಹೊಸದನ್ನು ಮುಂದಿನ ಕಾರಿಗೆ ಕೊಂಡೊಯ್ಯಬಹುದು.