ಕಲತಾಯುದ್‌ನ ಹಳೆ ಬಳ್ಳಿಗಳು, ನನ್ನ ಪಾಲಿಗೆ ಬಂದ ಒಂದು ತೊಟ್ಟಿ

ನಮ್ಮ ವಿಜಯಪುರ ಸೀಮೆಯಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಸ್ಪೇನಿನಲ್ಲಿ ಅದು ಸೆಪ್ಟೆಂಬರ್, ಅಕ್ಟೋಬರ್. ಇಲ್ಲಿ ನಮ್ಮ ವೈನರಿಯ ತೊಟ್ಟಿಗಳು ಖಾಲಿ ಇರುವ ಹೊತ್ತಿಗೆ ಅಲ್ಲಿ ಕೈ ಸಾಲದಷ್ಟು ಕೆಲಸ. ಒಂದು ಹಂಗಾಮು ಅಲ್ಲಿ ದುಡಿದು ಬರೋಣ ಎಂದು ಹೊರಟಾಗ ಗೆಳೆಯರೆಲ್ಲ ವೈನಿಗೆ ಹೆಸರಾದ ರಿಯೋಹಾಕ್ಕೆ ಹೋಗು ಎಂದರು. ನನಗೆ ಬೇಕಿದ್ದದ್ದು ಹಳೆ ಬಳ್ಳಿಯ ಗಾರ್ನಾಚಾ ಎಂಬ ಕೆಂಪು ವೈನಿನ ದ್ರಾಕ್ಷಿ. ಅದಕ್ಕೆ ಆರಗಾನ್ ಪ್ರಾಂತದ ಕಲತಾಯುದ್ ವಾಸಿ ಅನ್ನಿಸಿತು. ಮ್ಯಾಡ್ರಿಡ್‌ನಿಂದ ಜರಗೋಜಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ರೋಮಿನಲ್ಲಿ ಚುಟುಕ ಬರೆದು ಹೆಸರಾದ ಕವಿ ಮಾರ್ಷಲ್ ಹುಟ್ಟಿದ ಬಿಲ್ಬಿಲಿಸ್‌ನ ಅವಶೇಷಗಳು ಊರ ಪಕ್ಕದ ಗುಡ್ಡದಲ್ಲೇ ಇವೆ. ನಮ್ಮ ಸೆಲ್ಲಾರ್‌ನ ಹುಡುಗರಲ್ಲಿ ಒಬ್ಬನೂ ಆ ಗುಡ್ಡ ಹತ್ತಿ ನೋಡಿರಲಿಲ್ಲ, ಅದು ಬೇರೆ ಮಾತು.

ತೋಟ ನೋಡಿದ ಕೂಡಲೇ ನಮ್ಮ ಕಡೆಯ ಯಾವ ರೈತನಾದರೂ ನಗುತ್ತಾನೆ. ನಮ್ಮ ದ್ರಾಕ್ಷಿ ಪಡಗಳಲ್ಲಿ ಕಂಬ, ತಂತಿ, ಡ್ರಿಪ್ ಎಲ್ಲ ಇರಬೇಕು. ಅಲ್ಲಿ ಒಂದೂ ಇಲ್ಲ. ಸ್ಲೇಟ್ ಕಲ್ಲಿನ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದಲ್ಲಿ, ಮೊಣಕಾಲೆತ್ತರದ ತೊಡೆಗಾತ್ರದ ಕಾಂಡಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಪ್ರತಿ ಕಾಂಡಕ್ಕೆ ಮೂರು ನಾಲ್ಕು ತೋಳು. ಎಲೆಗಳೇ ಗೊನೆಗೆ ಕೊಡೆ ಹಿಡಿಯುತ್ತವೆ. ಗಿಡದಿಂದ ಗಿಡಕ್ಕೆ ಹೆಚ್ಚುಕಡಿಮೆ 2.5 ಮೀಟರ್, ಅಂದರೆ ಹೆಕ್ಟೇರಿಗೆ 1,600 ಗಿಡ. ಒಂದೊಂದರಿಂದ ಒಂದೂವರೆ ಕಿಲೋ ಸಿಕ್ಕರೆ ಹೆಕ್ಟೇರಿಗೆ ಎರಡೂವರೆ ಟನ್ನೂ ಆಗುವುದಿಲ್ಲ. ಇಷ್ಟಕ್ಕೆ ಬೇಸಾಯ ಮಾಡುವವರು ಯಾರು ಎಂದು ನಾನೂ ಲೆಕ್ಕ ಹಾಕಿದೆ.

ಲೆಕ್ಕ ಕೂಡುವುದಿಲ್ಲ ಎಂದೇ ಬಹಳಷ್ಟು ಜನ ಬಿಟ್ಟರು. ಸ್ಪೇನಿನ ಸಹಕಾರಿ ಸಂಘಗಳಲ್ಲಿ ಹಣ್ಣಿನ ತೂಕವನ್ನು ಸಕ್ಕರೆಯ ಡಿಗ್ರಿಯಿಂದ ಗುಣಿಸಿ ದುಡ್ಡು ಕೊಡುವ ಪದ್ಧತಿ ಇತ್ತು, ಎಷ್ಟೋ ಕಡೆ ಈಗಲೂ ಇದೆ. ಹಳೆ ಬಳ್ಳಿಯಲ್ಲಿ ಡಿಗ್ರಿ ಚೆನ್ನಾಗಿ ಬಂದರೂ ತೂಕದಲ್ಲಿ ಆದ ನಷ್ಟ ತುಂಬುವುದಿಲ್ಲ. 1986ರಲ್ಲಿ ಸ್ಪೇನ್ ಯುರೋಪಿನ ಒಕ್ಕೂಟಕ್ಕೆ ಸೇರಿದ ಮೇಲೆ ಬಳ್ಳಿ ಕಿತ್ತವರಿಗೆ ಸಹಾಯಧನವೂ ಬಂತು. ಮೊದಲು ಹೋದದ್ದು ಇಂಥ ತೋಟಗಳೇ. ಟ್ರ್ಯಾಕ್ಟರ್ ಹತ್ತದ ಕಡಿದಾದ ಜಾಗಗಳಲ್ಲಿ, ಬೇರೇನೂ ಬೆಳೆಯದ ಕಲ್ಲುನೆಲದಲ್ಲಿ ಒಂದಿಷ್ಟು ಉಳಿದವು. ಬಾದಾಮಿ ಗಿಡ ಹಚ್ಚಿದರೂ ಹೆಚ್ಚು ಸಿಗುತ್ತಿತ್ತು ಎಂದು ನಮಗೆ ಹಣ್ಣು ಕೊಡುತ್ತಿದ್ದ ಅಜ್ಜನೊಬ್ಬ ಹೇಳಿದ. ಹಾಗೆ ಹೇಳಿಯೂ ಅವನು ಹಚ್ಚಿರಲಿಲ್ಲ.

‘ಹಳೆ ಬಳ್ಳಿ’ ಎಂಬ ಲೇಬಲ್ ನೋಡಿ ಮಾರುಹೋಗುವವರಿಗೆ ಒಂದು ಮಾತು. ಎಷ್ಟು ವರ್ಷವಾದರೆ ಹಳೆಯದು ಎಂದು ಇಡೀ ಸ್ಪೇನಿಗೆ ಒಂದೇ ನಿಯಮವಿಲ್ಲ. ರಿಯೋಹಾದಲ್ಲಿ ‘ವಿನ್ಯೆದೊ ಸಿಂಗುಲಾರ್’ (ಒಂದೇ ವಿಶೇಷ ತೋಟದ ವೈನ್) ಎಂದು ಬರೆಯಲು ಬಳ್ಳಿಗೆ 35 ವರ್ಷವಾದರೂ ಆಗಿರಬೇಕು. ಕಲತಾಯುದ್‌ನಲ್ಲಿ ‘ಸುಪೀರಿಯೊರ್’ ಎನ್ನಲು 50 ವರ್ಷ ದಾಟಿದ ಬಳ್ಳಿಯ ಗಾರ್ನಾಚಾ ಕನಿಷ್ಠ ಶೇ. 85 ಇರಬೇಕು. ಇಂಥ ಕಟ್ಟಳೆಗಳ ಹೊರಗೆ ‘ನೂರು ವರ್ಷ’ ಎಂದು ಕಂಡರೆ ನಾನು ಅರ್ಧ ನಂಬುತ್ತೇನೆ. ಏಕೆಂದರೆ ನಾನು ನೋಡಿದ ಯಾವ ಹಳೆ ತೋಟದಲ್ಲೂ ಬಳ್ಳಿಗಳೆಲ್ಲ ಒಂದೇ ವಯಸ್ಸಿನವಲ್ಲ. ಸತ್ತ ಗಿಡದ ಜಾಗದಲ್ಲಿ ಮಗ ನೆಟ್ಟದ್ದು, ಮೊಮ್ಮಗ ನೆಟ್ಟದ್ದು ಎಲ್ಲ ಕಲಸಿಕೊಂಡಿರುತ್ತವೆ. ನಡುನಡುವೆ ಮಕಾಬೆಯೊ ಎಂಬ ಬಿಳಿ ದ್ರಾಕ್ಷಿಯ ಗಿಡಗಳೂ ಇದ್ದವು.

ಈ ಕಲಸುಮೇಲೋಗರವೇ ನನ್ನ ಕೆಲಸದ ಕಷ್ಟದ ಭಾಗ. ಹೊಸ ತೋಟದಲ್ಲಿ ನಾಲ್ಕು ಸಾಲು ನೋಡಿದರೆ ಇಡೀ ಪ್ಲಾಟಿನ ಸಕ್ಕರೆ ಎಷ್ಟೆಂದು ಹೇಳಬಹುದು. ಇಲ್ಲಿ ಒಂದು ಗಿಡ ಹಣ್ಣಾಗಿದ್ದರೆ ಪಕ್ಕದ್ದು ಎಂಟು ದಿನ ಹಿಂದೆ. ಆದ್ದರಿಂದ ನಾನು ತೋಟದ ಮೂಲೆಯಿಂದ ಮೂಲೆಗೆ ಅಡ್ಡಡ್ಡ ನಡೆಯುತ್ತಿದ್ದೆ. ಬಿಸಿಲಿನ ಮಗ್ಗುಲು, ನೆರಳಿನ ಮಗ್ಗುಲು, ಗೊನೆಯ ಹೆಗಲು, ಗೊನೆಯ ತುದಿ ಎಂದು ಬೇರೆಬೇರೆ ಕಡೆಯಿಂದ ಇನ್ನೂರರಷ್ಟು ಕಾಳು ಬಿಡಿಸಿ, ಚೀಲದಲ್ಲೇ ಹಿಚುಕಿ, ರಸವನ್ನು ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್‌ಗೆ ಬಿಡುತ್ತಿದ್ದೆ. ಅದು ತೋರಿಸುವ ಸಂಖ್ಯೆಗಿಂತ ಬೀಜವೇ ನನಗೆ ಹೆಚ್ಚು ಕಲಿಸಿತು. ರಸ 24 ಬ್ರಿಕ್ಸ್ (ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ) ಮುಟ್ಟಿದಾಗಲೂ ಬೀಜ ಹಸಿರು. ಹಲ್ಲಿನಡಿ ಇಟ್ಟರೆ ಕಹಿ. ಗಾರ್ನಾಚಾ ಹಾಗೆಯೇ: ಸಕ್ಕರೆ ಮುಂದೆ ಓಡುತ್ತದೆ, ಬೀಜ ಮತ್ತು ತೊಟ್ಟು ಹಿಂದೆ ಉಳಿಯುತ್ತವೆ. ಅಜ್ಜ ಒಂದು ಬೀಜ ಕಡಿದು ಉಗಿದು, ‘ಇನ್ನೂ ಇಲ್ಲ’ ಎಂದು ಹೊರಟುಬಿಡುತ್ತಿದ್ದ.

ಕಾಯುವುದಕ್ಕೂ ಮಿತಿ ಇದೆ. ಇದು ತೆಳು ಸಿಪ್ಪೆಯ ಹಣ್ಣು, ಅಕ್ಟೋಬರ್‌ನಲ್ಲಿ ಮಳೆ ಹಿಡಿದರೆ ಒಡೆದು ಕೊಳೆಯುತ್ತದೆ. ಅಲ್ಲಿ ಕೈಹಿಡಿಯುವುದು ವಾಯವ್ಯದಿಂದ ಬೀಸುವ ಥಿಯೆರ್ಥೊ ಗಾಳಿ. ಶೀತ, ಒಣ, ಮುಖಕ್ಕೆ ಹೊಡೆಯುವ ಗಾಳಿ. ಮಳೆಯ ಮರುದಿನ ಗೊನೆಗಳನ್ನು ಒಣಗಿಸಿಬಿಡುತ್ತದೆ. ಜತೆಗೆ ಅಷ್ಟು ಎತ್ತರದಲ್ಲಿ ರಾತ್ರಿ ಚಳಿ ಇರುವುದರಿಂದ ಹುಳಿ ಬೇಗ ಇಳಿಯುವುದಿಲ್ಲ. ಆ ಧೈರ್ಯದ ಮೇಲೆ 25 ಬ್ರಿಕ್ಸ್ ದಾಟುವವರೆಗೆ ಬಿಟ್ಟೆವು. ವೈನಿನಲ್ಲಿ ಶೇ. 15ರ ಹತ್ತಿರ ಆಲ್ಕೋಹಾಲ್ ಬರುತ್ತದೆ ಎಂದು ಆಗಲೇ ಗೊತ್ತಿತ್ತು. ಅದಕ್ಕೆ ಹೆದರಿ ಮೊದಲೇ ಕೊಯ್ದರೆ ಕಹಿ ಬೀಜದ ವೈನ್ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಆಲ್ಕೋಹಾಲೇ ನನಗೆ ಮೇಲು.

ಕೊಯ್ಲು ಪೂರ್ತಿ ಕೈಯಲ್ಲೇ, ಬಗ್ಗಿಕೊಂಡೇ. ಈ ಗಿಡಗಳಿಗೆ ಯಂತ್ರ ನಡೆಯದು. 15 ಕಿಲೋ ಹಿಡಿಯುವ ಕ್ರೇಟು, ಕತ್ತರಿ; ಒಣಗಿದ ಕಾಳು, ಕೊಳೆತ ಭಾಗಗಳನ್ನು ಅಲ್ಲೇ ಕತ್ತರಿಸಿ ಬಿಸಾಕಬೇಕು. ನಡು, ಬೆನ್ನಿನ ನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಸೆಲ್ಲಾರ್‌ನಲ್ಲಿ ಒಂದು ಸಣ್ಣ ಸಿಮೆಂಟು ತೊಟ್ಟಿಯನ್ನು ನನ್ನ ಪಾಲಿಗೆ ಬಿಟ್ಟರು. ತೊಟ್ಟು ಕಂದುಬಣ್ಣಕ್ಕೆ ತಿರುಗಿದ ಗೊನೆಗಳನ್ನು ಆರಿಸಿ ಐದರಲ್ಲಿ ಒಂದು ಪಾಲು ಇಡಿಯಾಗಿಯೇ ತಳಕ್ಕೆ ಹಾಕಿದೆ. ಉಳಿದದ್ದನ್ನು ತೊಟ್ಟು ಬಿಡಿಸಿ, ಕಾಳು ಜಜ್ಜದೆ ಮೇಲೆ ಸುರಿದೆ. ವೈನ್ ಕೆಡದಂತೆ ಹಾಕುವ ಸಲ್ಫೈಟ್ ಕಡಿಮೆ. ಯೀಸ್ಟ್ ಹಾಕಲಿಲ್ಲ, ಎರಡು ಮೂರು ದಿನಕ್ಕೆ ತಾನೇ ಹುದುಗು ಹಿಡಿಯಿತು. ಸಾಂದ್ರತೆ ಲೀಟರಿಗೆ 1,105 ಗ್ರಾಂನಿಂದ ಇಳಿಯತೊಡಗಿ ಕೊನೆಗೆ 993ಕ್ಕೆ ನಿಂತಿತು, ಅಂದರೆ ಸಕ್ಕರೆಯೆಲ್ಲ ಹುದುಗಿ ಮುಗಿಯಿತು.

ಊರಲ್ಲಿ ಕ್ಯಾಬರ್ನೆಗೆ, ಶಿರಾಜ್‌ಗೆ ದಿನಕ್ಕೆ ಎರಡು ಮೂರು ಸಲ ತಳದ ರಸ ಎತ್ತಿ ಮೇಲಿನ ಸಿಪ್ಪೆಯ ಮೇಲೆ ಸುರಿಯುವುದು ನನ್ನ ರೂಢಿ. ಇಲ್ಲಿ ದಿನಕ್ಕೊಮ್ಮೆ, ಅದೂ ಸಿಪ್ಪೆ ಒದ್ದೆಯಾಗುವಷ್ಟು ಮಾತ್ರ. ಬಿಸಿ 26 ಡಿಗ್ರಿ ದಾಟದಂತೆ ನೋಡಿಕೊಂಡೆ. ಗಾರ್ನಾಚಾಕ್ಕೆ ಗಾಢ ಬಣ್ಣವಿಲ್ಲ, ಎಷ್ಟು ಕಲಕಿದರೂ ಬರುವುದಿಲ್ಲ. ಕಲಕಿದಷ್ಟೂ ಹೊರಬರುವುದು ಬೀಜದ ಕಹಿ. ಕಡಿಮೆ ಇಳುವರಿಯ ಹಣ್ಣಿನಲ್ಲಿ ರುಚಿ ಮೊದಲೇ ಗಟ್ಟಿಯಾಗಿರುತ್ತದೆ, ಅದನ್ನು ಹಿಂಡಿ ತೆಗೆಯುವ ಅಗತ್ಯವಿಲ್ಲ. ಚಹಾ ಸೊಪ್ಪು ಒಳ್ಳೆಯದಿದ್ದಾಗ ಯಾರೂ ಅದನ್ನು ಹತ್ತು ನಿಮಿಷ ಕುದಿಸುವುದಿಲ್ಲವಲ್ಲ, ಹಾಗೆ. ಪಕ್ಕದ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವನು ಬಣ್ಣದ ಹಿಂದೆ ಬಿದ್ದಿದ್ದ. ಅವನ ವೈನಿನ ಒಗರು ಇನ್ನೂ ನಾಲಿಗೆಯಲ್ಲಿದೆ.

ಹುದುಗು ಜೋರಾಗಿರುವಾಗ ಕಾರ್ಬನ್ ಡೈ ಆಕ್ಸೈಡ್ ನೆಲಮಟ್ಟದಲ್ಲಿ, ತೊಟ್ಟಿಯೊಳಗೆ ತುಂಬಿಕೊಳ್ಳುತ್ತದೆ. ಸಿಪ್ಪೆ ಎತ್ತಲು ತೊಟ್ಟಿಗೆ ಇಳಿದು ಸತ್ತವರು ವೈನ್ ಮಾಡುವ ದೇಶಗಳಲ್ಲೆಲ್ಲ ಇದ್ದಾರೆ. ಫ್ಯಾನ್ ಓಡಿಸಿ, ಮೀಟರ್ ನೋಡಿ, ಹೊರಗೊಬ್ಬನನ್ನು ನಿಲ್ಲಿಸಿಯೇ ಇಳಿಯಬೇಕು. ಮನೆಯಲ್ಲಿ ದೊಡ್ಡ ಡ್ರಮ್ಮಿನಲ್ಲಿ ಮಾಡುವವರಿಗೂ ಇದೇ ಮಾತು: ಕಿಟಕಿ ತೆಗೆದಿರಿ, ತಲೆ ಒಳಗೆ ಹಾಕಬೇಡಿ.

ತಾನಾಗಿ ಹರಿದ ವೈನನ್ನೂ ಹಿಂಡಿ ತೆಗೆದದ್ದನ್ನೂ ಬೇರೆಬೇರೆ ಇಟ್ಟೆವು. ಗಾರ್ನಾಚಾ ಗಾಳಿ ತಗುಲಿದರೆ ಬೇಗ ಕೆಡುವ ಜಾತಿ, ಆದ್ದರಿಂದ ಹೊಸ ಸಣ್ಣ ಪೀಪಾಯಿ ಬೇಡ ಎಂದೆ. ಬಾಯಿಮಟ್ಟ ತುಂಬಿದ ಸಿಮೆಂಟು ತೊಟ್ಟಿಯಲ್ಲೇ ಚಳಿಗಾಲ ಕಳೆಯಿತು. ಎರಡನೆಯ ಹುದುಗು, ಅಂದರೆ ಮ್ಯಾಲಿಕ್ ಹುಳಿ ಮೆತ್ತಗಾಗುವುದು, ಆ ಚಳಿಗೆ ವಸಂತದವರೆಗೂ ಎಳೆಯಿತಂತೆ. ಅಷ್ಟರಲ್ಲಿ ನಾನು ಇಲ್ಲಿನ ಕೊಯ್ಲಿನಲ್ಲಿದ್ದೆ. ಆಮೇಲೆ ಬಂದ ಬಾಟಲಿಯಲ್ಲಿ ಕೆಂಪು ಹಣ್ಣಿನ ವಾಸನೆ, ಅಲ್ಲಿನ ಗುಡ್ಡದ ಒಣ ಥೈಮ್ ಗಿಡದ ಘಾಟು, ಕೊನೆಯಲ್ಲಿ ಆಲ್ಕೋಹಾಲಿನ ಕಾವು. ಬಣ್ಣ ಎಷ್ಟು ತೆಳು ಎಂದರೆ ಗ್ಲಾಸಿನಾಚೆ ಹಿಡಿದ ಬೆರಳು ಕಾಣುತ್ತಿತ್ತು.

ಇದನ್ನೇ ಇಲ್ಲಿ ಮಾಡಬಹುದೇ ಎಂದು ಕೇಳುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ತಿಂಗಳುಗಟ್ಟಲೆ ಮಲಗುತ್ತದೆ. ನಮ್ಮಲ್ಲಿ ಏಪ್ರಿಲ್ ಚಾಟನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆರಡು ಸಲ ಎಬ್ಬಿಸುತ್ತೇವೆ. ಡಾಗ್‌ರಿಜ್ ಎಂಬ ಗಟ್ಟಿ ಜಾತಿಯ ಬೇರಿನ ಮೇಲೆ ಕಸಿ ಕಟ್ಟಿದರೂ ಹದಿನೈದಿಪ್ಪತ್ತು ವರ್ಷಕ್ಕೆ ಇಳುವರಿ ಬಿದ್ದು ರೈತ ಕಿತ್ತುಹಾಕುತ್ತಾನೆ. ತೂಕಕ್ಕೆ ದುಡ್ಡು ಕೊಡುವವರೆಗೆ ಅವನು ಮಾಡುವುದು ಸರಿಯೇ. ಹದಿನೆಂಟು ವರ್ಷದ ಒಂದು ಶಿರಾಜ್ ಪಡ ನನ್ನ ಕಣ್ಣಿನಲ್ಲಿದೆ. ಅದಕ್ಕೆ ಕಿಲೋ ಲೆಕ್ಕ ಬಿಟ್ಟು ಎಕರೆ ಲೆಕ್ಕದಲ್ಲಿ ದುಡ್ಡು ಕೊಡೋಣ ಎಂದು ವೈನರಿಯಲ್ಲಿ ಕೇಳಿದ್ದೇನೆ. ರೈತ ಒಪ್ಪಿದ್ದಾನೆ, ಲೆಕ್ಕಪತ್ರದವರು ಇನ್ನೂ ಒಪ್ಪಿಲ್ಲ.