ಕಾಫಿ ಕುಯ್ಲಿನ ಕಾಲದ ಹಾಜರಿ ಪುಸ್ತಕ: ನನ್ನ ಅನುಭವ

ಕೊಡಗಿನ ತೋಟಗಳ ನಡುವಿನ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಹೊಣೆ ನನ್ನದು. ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸಲು, ಸಿದ್ಧರಾಗುವ ಮಕ್ಕಳು ಭಾನುವಾರದ ತರಗತಿ ತಪ್ಪಿಸಬಾರದು, ಹಾಜರಿ ಸಾಲದವರು ಮುಂದಿನ ವರ್ಷದವರೆಗೆ ಕಾಯಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಪದ್ಧತಿ ಕೆಟ್ಟದ್ದೇನಲ್ಲ; ಅದಿಲ್ಲದಿದ್ದರೆ ಬಿಳಿ ಬಟ್ಟೆ, ಫೋಟೊ, ಊಟಕ್ಕಷ್ಟೇ ಮಕ್ಕಳನ್ನು ಕರೆತರುವವರೂ ಇದ್ದಾರೆ. ಆದರೆ ಡಿಸೆಂಬರಿನಲ್ಲಿ ಕಾಫಿ ಕುಯ್ಲು ಬಿರುಸಾಯಿತೆಂದರೆ, ರೊಬಸ್ಟಾ ತಳಿಯ ಕುಯ್ಲು ಮುಗಿಯುವವರೆಗೂ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವವರಿಗೆ ಭಾನುವಾರವೂ ಕೆಲಸವಿರುತ್ತದೆ. ಕುಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುವ ಆ ದಿನಗಳಲ್ಲಿ ತಂದೆತಾಯಿ ಇಬ್ಬರೂ ತೋಟಕ್ಕೆ ಹೋಗುತ್ತಾರೆ, ಚಿಕ್ಕವರನ್ನು ನೋಡಿಕೊಳ್ಳಲು ಹಿರಿಯ ಮಗು ಮನೆಯಲ್ಲಿ ಉಳಿಯುತ್ತದೆ, ಪುಸ್ತಕದಲ್ಲಿ ಅದಕ್ಕೆ ಗೈರು ಬೀಳುತ್ತದೆ.

ಗೈರಾದ ಮಗುವಿನ ಮನೆಗೆ ಆ ವಾರದೊಳಗೆ ಹೋಗಿ ಬರುವುದನ್ನು ನಾನು ರೂಢಿ ಮಾಡಿಕೊಂಡೆ. ಹಾಗೆ ಹೋದ ಒಂದು ಮನೆಯಲ್ಲಿ, ಸೊಂಟದ ಮೇಲಿನ ತಮ್ಮನನ್ನು ಇಳಿಸದೆಯೇ ಒಲೆಗೆ ಸೌದೆ ದೂಡುತ್ತಿದ್ದ ಹುಡುಗಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ಹೇಳಿ, “ಟೀಚರ್, ಇವನನ್ನೂ ಕರಕೊಂಡು ಬಂದರೆ ಬೈತೀರಾ?” ಎಂದು ಕೇಳಿದಳು.

ನಮ್ಮ ಧರ್ಮಕೇಂದ್ರದ ಗುರುಗಳ (ಪಾದ್ರಿಯವರ) ಬಳಿ ಈ ವಿಷಯ ಎತ್ತಿದಾಗ ಅವರು ಧರ್ಮಸಭೆಯ 1983ರ ಕಾನೂನು ಸಂಹಿತೆಯ 913ನೇ ನಿಯಮವನ್ನು ತೆಗೆದು ಓದಿದರು. ಮಗು ತನ್ನ ಶಕ್ತಿಗೆ ತಕ್ಕಷ್ಟು ಕ್ರಿಸ್ತನ ರಹಸ್ಯವನ್ನು ಅರಿತಿರಬೇಕು, ಸರಿಯಾಗಿ ಸಿದ್ಧವಾಗಿರಬೇಕು, ವಿಶ್ವಾಸ ಭಕ್ತಿಯಿಂದ ಸ್ವೀಕರಿಸುವಂತಿರಬೇಕು ಎಂದಷ್ಟೇ ಅದು ಕೇಳುತ್ತದೆ. ಹಾಜರಿಯ ಲೆಕ್ಕ ಅದರಲ್ಲಿಲ್ಲ, ಅದು ನಾವು ಸೇರಿಸಿಕೊಂಡದ್ದು. ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಹಸಿದ ಶಿಷ್ಯರು ತೆನೆ ಕಿತ್ತು ತಿಂದಾಗ, ದೇವರಿಗೆ ಬೇಕಾದುದು ಬಲಿಯಲ್ಲ, ಕರುಣೆ ಎಂಬ ಪ್ರವಾದಿ ಹೊಶೇಯನ ಮಾತನ್ನು ಯೇಸು, ಧರ್ಮನಿಯಮಗಳಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರಿಗೆ ನೆನಪಿಸಿದ ಭಾಗವನ್ನು, ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಿಂದ, ನಾನು ಅದೇ ಮಕ್ಕಳಿಗೆ ವರ್ಷವೂ ಕಲಿಸುತ್ತೇನೆ.

ಕುಯ್ಲು ಮುಗಿಯುವವರೆಗೆ ಒಂದು ತರಗತಿಯನ್ನು ಶನಿವಾರ ಸಂಜೆ ಲೈನಿನಲ್ಲೇ ನಡೆಸುವುದೆಂದು ತೀರ್ಮಾನಿಸಿದೆವು. ಕತ್ತಲಾದ ಮೇಲೆ ಆನೆ ಓಡಾಡುವ ದಾರಿಯಲ್ಲಿ ಮಕ್ಕಳನ್ನು ನಡೆಸುವಂತಿಲ್ಲವಾದ್ದರಿಂದ ನಾನೇ ಅಲ್ಲಿಗೆ ಹೋಗುತ್ತೇನೆ, ಮರಳುವಾಗ ಯಾರಾದರೂ ಜೀಪಿನಲ್ಲಿ ಬಿಡುತ್ತಾರೆ. ಹಾಜರಿ ಪುಸ್ತಕ ಈಗಲೂ ಇದೆ. ಗೈರಿನ ಪಕ್ಕದಲ್ಲಿ ಕಾರಣ ಬರೆಯುತ್ತೇನೆ. ಕೊನೆಗೆ ಪ್ರತಿ ಮಗುವನ್ನೂ ಗುರುಗಳು ಕೂರಿಸಿಕೊಂಡು ಮಾತನಾಡಿಸುತ್ತಾರೆ, ತೀರ್ಮಾನ ಅವರದು.

ಹೀಗೆ ಬಿಡುತ್ತಾ ಹೋದರೆ ತಪ್ಪದೆ ಬರುವವರಿಗೆ ಏನು ಬೆಲೆ ಎಂದು ಧರ್ಮಕೇಂದ್ರದ ಹಿರಿಯರೊಬ್ಬರು ಆಕ್ಷೇಪಿಸಿದರು. ಅದು ತಳ್ಳಿಹಾಕುವ ಮಾತಲ್ಲ. ಕಲಿಯಬೇಕಾದುದರಲ್ಲಿ ನಾವು ಏನನ್ನೂ ಕಡಿಮೆ ಮಾಡಿಲ್ಲ, ಕಲಿಯುವ ಜಾಗ ಮತ್ತು ಹೊತ್ತನ್ನು ಮಾತ್ರ ಬದಲಿಸಿದ್ದೇವೆ ಎಂದು ನಾನು ಉತ್ತರಿಸಿದೆ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಅನುಕೂಲಸ್ಥರ ಮಗನೊಬ್ಬ ಟ್ಯೂಷನ್ನಿನ ಕಾರಣಕ್ಕೆ ತರಗತಿ ತಪ್ಪಿಸುತ್ತಿದ್ದಾಗ ಅವನಿಗೂ ಶನಿವಾರದ ತರಗತಿಗೆ ಬರಲು ಹೇಳಿದೆ. ಲೈನಿಗೆ ಮಗನನ್ನು ಕಳಿಸಲು ತಂದೆ ಒಪ್ಪಲಿಲ್ಲ. ಈಗ ಗುರುಗಳೇ ವಾರಕ್ಕೊಮ್ಮೆ ಅವನಿಗೆ ಬೇರೆಯಾಗಿ ಕಲಿಸುತ್ತಿದ್ದಾರೆ. ನನಗದು ಅಷ್ಟಾಗಿ ಸರಿಕಾಣುವುದಿಲ್ಲ, ಆದರೆ ಅಪ್ಪನ ಬಿಗುಮಾನಕ್ಕೆ ಹುಡುಗ ಹೊಣೆಯಲ್ಲವೆಂದು ಸುಮ್ಮನಿದ್ದೇನೆ.